ಸೇನಬೋವನ ಲೇಖನಿ: ಹಾನಗಲ್ಲು ಸೀಮೆಯಲ್ಲಿ ವ್ಯವಹಾರಲೇಖಕವೃತ್ತಿಯ ಚರಿತ್ರೆ

೧

ಶಾಸನಗಳನ್ನು ಕೊಟ್ಟ ಅರಸರನ್ನೂ, ಅವುಗಳಲ್ಲಿ ಪ್ರಶಸ್ತಿಪದ್ಯಗಳನ್ನು ರಚಿಸಿದ ಕವಿಗಳನ್ನೂ ಕುರಿತು ನಮ್ಮ ವಿದ್ವಾಂಸರು ಬಹುವಾಗಿ ವಿಚಾರಮಾಡಿರುವರು. ಕಲ್ಲಿನಲ್ಲಿ ಅಕ್ಷರಗಳನ್ನು ಕಂಡರಿಸಿದ ರೂವಾರಿಗಳೂ ಅಲ್ಲಲ್ಲಿ ಸ್ಮರಿಸಲ್ಪಟ್ಟಿರುವರು. ಆದರೆ ದತ್ತಿಯ ಕಟ್ಟಳೆಯನ್ನೂ, ಭೂಮಿಯ ಎಲ್ಲೆಯನ್ನೂ, ಸಾಕ್ಷಿಗಳ ಹೆಸರುಗಳನ್ನೂ ಕ್ರಮವರಿತು ಬರೆದು, ಆ ಬರಹಕ್ಕೆ ನ್ಯಾಯದ ಬಲವನ್ನು ತಂದುಕೊಟ್ಟ ಲೇಖಕನ ವೃತ್ತಿಯು ಪ್ರತ್ಯೇಕವಾದ ಚರ್ಚೆಗೆ ವಿಷಯವಾದುದು ವಿರಳ. ಈತನು ನ್ಯಾಯಾಧಿಪತಿಯಲ್ಲ, ವಾದವನ್ನು ಮಂಡಿಸುವ ವಕೀಲನೂ ಅಲ್ಲ. ಆದರೂ ಸಾಮಾನ್ಯನಾದ ಒಕ್ಕಲಿಗನು ನ್ಯಾಯಸ್ಥಾನದ ಹೊಸ್ತಿಲನ್ನು ಮುಟ್ಟಬೇಕಾದರೆ ಮೊದಲು ಈತನ ಲೇಖನಿಯನ್ನೇ ಆಶ್ರಯಿಸಬೇಕಾಗಿದ್ದಿತು. ಕಾಲಭೇದದಿಂದ ಈತನಿಗೆ ಸೇನಬೋವ, ಕರಣಿಕ, ಕುಲಕರ್ಣಿ, ದಸ್ತಾವೇಜು ಬರೆಯುವವ, ಅರ್ಜಿಬರಹಗಾರ ಎಂದು ಬೇರೆಬೇರೆ ಹೆಸರುಗಳು ಬಂದವು. ಈ ಕೆಲಸದ ಒಂದು ಭಾಗವನ್ನು ಈಗ ವಹಿಸಿಕೊಂಡಿರುವವನು ಅರೆಕಾನೂನು ಸ್ವಯಂಸೇವಕನೆಂದು ಕರೆಯಲ್ಪಡುತ್ತಾನೆ.

ಈ ವೃತ್ತಿಯು ನಡೆದುಬಂದ ದಾರಿಯು ನೇರವಾದುದಲ್ಲ. ಅದು ಎಷ್ಟು ತಿರುವುಗಳನ್ನು ಪಡೆಯಿತೆಂಬುದನ್ನು ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ನಾಲ್ಕೂ ೧೯೯೭ರ ಆಗಸ್ಟಿನಿಂದ ಹಾವೇರಿ ಜಿಲ್ಲೆಗೆ ಸೇರಿರುವುವು. ಅದಕ್ಕೆ ಮುಂಚೆ ಧಾರವಾಡ ಜಿಲ್ಲೆಯಲ್ಲಿದ್ದುವು. ಕದಂಬ ಮಾಂಡಲಿಕರು, ವಿಜಾಪುರದ ಸುಲ್ತಾನರು, ಸವಣೂರಿನ ನವಾಬರು, ಪೇಶ್ವೆಯರು, ಇಂಗ್ಲಿಷರು ಎಂದು ಆಳಿದವರು ಬದಲಾದಂತೆಲ್ಲ ಇಲ್ಲಿಯ ಲೇಖಕನು ಭಾಷೆಯನ್ನೂ ಲಿಪಿಯನ್ನೂ ಒಡೆಯನನ್ನೂ ಬದಲಾಯಿಸಬೇಕಾಯಿತು. ಬದಲಾಗದೆ ಉಳಿದುದು ಒಂದು ಪ್ರಶ್ನೆ ಮಾತ್ರ: ಬರೆಯಬಲ್ಲವನು ಬರೆಯಲರಿಯದವನ ಪರವಾಗಿ ಬರೆಯುವಾಗ ಆ ಲೇಖನಿಯು ಯಾರದು?

೨

ಸೇನಬೋವ ಶಬ್ದವೇ ಮುಂದೆ ಶಾನಭೋಗ ಎಂದಾಯಿತೆಂಬುದು ವಾಚಕರಿಗೆ ವಿದಿತವೇ ಆಗಿದೆ. ಪಾನುಂಗಲ್ಲು ಐನೂರನ್ನು ಆಳಿದ ಕದಂಬರ ಕಾಲದ ಶಾಸನಗಳಲ್ಲಿಯೂ, ಸುತ್ತಲಿನ ಬನವಾಸಿ ನಾಡಿನ ಶಾಸನಗಳಲ್ಲಿಯೂ ಈತನು ಕಾಣಿಸಿಕೊಳ್ಳುವನು. ಶಾಸನದ ಕೊನೆಗೆ ಇಂಥವನು ಬರೆದನೆಂದು ಹೆಸರನ್ನು ಹೇಳುವ ಪದ್ಧತಿಯನ್ನು ನಾವು ಅಲಂಕಾರವೆಂದೋ ಲೇಖಕನ ಕೀರ್ತಿಕಾಮನೆಯೆಂದೋ ಭಾವಿಸಿ ಮುಂದಕ್ಕೆ ಸಾಗುತ್ತೇವೆ. ಆದರೆ ಅದು ವ್ಯವಹಾರದ ಒಂದು ಅಂಗವಾಗಿದ್ದಿತು. ಇದಕ್ಕೆ ಆಧಾರವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಹಾನಗಲ್ಲಿನ ಕದಂಬರು ಯಾವ ಚಕ್ರವರ್ತಿಗೆ ಸಾಮಂತರಾಗಿದ್ದರೋ ಆ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ರಾಜಧಾನಿಯಾದ ಕಲ್ಯಾಣದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು.

ಯಾಜ್ಞವಲ್ಕ್ಯನ ಮತದಲ್ಲಿ ವ್ಯವಹಾರಕ್ಕೆ ಮನುಷ್ಯಪ್ರಮಾಣಗಳು ಮೂರು: ಬರಹ, ಅನುಭೋಗ, ಸಾಕ್ಷಿ. ಬರಹದ ಪ್ರಕರಣದಲ್ಲಿ ಅವನು ವಿಧಿಸಿರುವ ಒಂದು ನಿಯಮವು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಪತ್ರದ ಕೊನೆಗೆ ಲೇಖಕನು, ಉಭಯರೂ ಬೇಡಿಕೊಂಡುದರಿಂದ ಇಂಥವನ ಮಗನಾದ ತಾನು ಇದನ್ನು ಬರೆದೆನೆಂದು ಬರೆಯತಕ್ಕದ್ದು ಎಂಬುದೇ ಆ ನಿಯಮ. ಇದರ ತಾತ್ಪರ್ಯವನ್ನು ಗಮನಿಸಬೇಕು. ಲೇಖಕನು ಕೊಡುವವನ ಆಳೂ ಅಲ್ಲ, ಕೊಳ್ಳುವವನ ಆಳೂ ಅಲ್ಲ. ಇಬ್ಬರ ಮಧ್ಯದಲ್ಲಿ ನಿಂತು, ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಒಡ್ಡಿ ಬರಹಕ್ಕೆ ಹೊಣೆಯಾಗುವವನು. ಅಕ್ಷರವರಿಯದ ಸಾಲಗಾರನು ತನ್ನ ಒಪ್ಪಿಗೆಯನ್ನು ಸಾಕ್ಷಿಗಳ ಸಮಕ್ಷಮದಲ್ಲಿ ಬೇರೊಬ್ಬನಿಂದ ಬರೆಯಿಸತಕ್ಕದ್ದೆಂದೂ ಧರ್ಮಶಾಸ್ತ್ರಕಾರರು ವಿಧಿಸಿರುವರು. ಎಂದರೆ ನಿರಕ್ಷರಿಯ ಸಂಕಟವನ್ನು ಅವರು ಕಾಣದೆ ಇರಲಿಲ್ಲ.

ಬರಹದ ಬಲವು ಎಷ್ಟಿತ್ತೆಂಬುದಕ್ಕೆ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ, ಸುಮಾರು ೧೨೦೦ರ ಕಾಲದ ಶಾಸನವು ಒಳ್ಳೆಯ ನಿದರ್ಶನ. ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ ಈ ಶಾಸನವು ಏಕಾಂತದ ರಾಮಯ್ಯನ ಪವಾಡಕ್ಕಾಗಿ ಪ್ರಸಿದ್ಧವಾಗಿದೆ. ಮತಗಳ ಕಲಹವನ್ನೂ ಪವಾಡವನ್ನೂ ಬದಿಗಿಟ್ಟು ಅದನ್ನು ಒಂದು ವ್ಯವಹಾರದ ವರದಿಯೆಂದು ಓದಿದರೆ ಬೇರೊಂದು ಅಂಶವು ಹೊರಪಡುವುದು. ಪಣವನ್ನು ಬಾಯಿಮಾತಿನಲ್ಲಿ ಬಿಡದೆ ಓಲೆಯಲ್ಲಿ ಬರೆಯಿಸಿಕೊಂಡುದು, ಬಿಜ್ಜಳನ ಸಭೆಗೆ ದೂರು ಹೋದಾಗ ಆ ಓಲೆಯನ್ನೇ ಮುಂದಿಟ್ಟುದು, ಕೊನೆಗೆ ಅರಸನಿಂದ ಜಯಪತ್ರವು ದೊರೆತುದು, ಈ ಮೂರು ಹಂತಗಳೂ ಶಾಸನದಲ್ಲಿವೆ. ಪವಾಡವೇ ನಡೆಯಿತೆಂದು ನಂಬಿದ ಸಮಾಜವೂ ಓಲೆಯ ಪ್ರಮಾಣವನ್ನು ಬಿಡಲಿಲ್ಲವೆಂಬುದು ಸಾಮಾನ್ಯ ಸಂಗತಿಯಲ್ಲ.

ಬರಹಕ್ಕೆ ಇಷ್ಟು ಬಲವಿದ್ದಲ್ಲಿ ಬರೆಯುವವನಿಗೂ ಬಲವು ಬರುವುದು ಸಹಜ. ಚಾಟರು, ಕಳ್ಳರು, ದುರ್ವೃತ್ತರು ಮೊದಲಾದವರಿಂದ ಪ್ರಜೆಗಳನ್ನು ಅರಸನು ಕಾಪಾಡಬೇಕು, ಕಾಯಸ್ಥರಿಂದ ವಿಶೇಷವಾಗಿ ಕಾಪಾಡಬೇಕು ಎಂದು ಯಾಜ್ಞವಲ್ಕ್ಯನು ಹೇಳಿದ ಸ್ಥಳದಲ್ಲಿ ವಿಜ್ಞಾನೇಶ್ವರನು, ಕಾಯಸ್ಥರೆಂದರೆ ಲೇಖಕರೂ ಗಣಕರೂ ಎಂದು ಅರ್ಥಮಾಡಿ, ಅವರು ರಾಜನಿಗೆ ಬೇಕಾದವರೂ ಬಹು ಮಾಯಾವಿಗಳೂ ಆಗಿರುವುದರಿಂದ ಅವರನ್ನು ತಡೆಯುವುದು ಕಷ್ಟವೆಂದು ಕಾರಣವನ್ನೂ ಕೊಟ್ಟಿರುವನು. ಹೀಗೆ ಒಂದೇ ಗ್ರಂಥದಲ್ಲಿ ಲೇಖಕನು ಉಭಯರಿಗೂ ಹೊಣೆಯಾದ ಮಧ್ಯಸ್ಥನೂ ಆಗಿದ್ದಾನೆ, ಕಳ್ಳನಿಗಿಂತಲೂ ಹೆಚ್ಚಾಗಿ ಭಯಪಡಬೇಕಾದವನೂ ಆಗಿದ್ದಾನೆ. ಮುಂದಿನ ಎಂಟುನೂರು ವರ್ಷಗಳ ಚರಿತ್ರೆಯನ್ನು ಈ ಎರಡು ವಾಕ್ಯಗಳ ವ್ಯಾಖ್ಯಾನವೆಂದರೂ ತಪ್ಪಾಗದು.

೩

ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಬಂಕಾಪುರವು ವಿಜಾಪುರದ ಆದಿಲಶಾಹಿಗೆ ಸೇರಿತು. ಮುಂದೆ ಸವಣೂರಿನ ನವಾಬರ ಆಳ್ವಿಕೆಯೂ, ಆಮೇಲೆ ಪೇಶ್ವೆಯರದೂ ಈ ಸೀಮೆಯ ಮೇಲೆ ನಡೆದುವು. ಈ ಅವಧಿಯಲ್ಲಿ ಸೇನಬೋವನು ಕುಲಕರ್ಣಿಯಾದನು. ಮೈಸೂರು ಸೀಮೆಯಲ್ಲಿ ಶಾನಭೋಗನೆಂಬ ಹಳೆಯ ಹೆಸರೇ ಉಳಿಯಿತು. ಇತ್ತ ಕುಲಕರ್ಣಿಯೆಂಬುದು ನೆಲೆಗೊಂಡಿತು. ಹೆಸರಿನೊಡನೆ ಸ್ಥಿತಿಯೂ ಬದಲಾಯಿತು. ಹಳ್ಳಿಯ ಲೆಕ್ಕವು ವತನವಾಗಿ, ಇನಾಮು ಭೂಮಿಯೊಡನೆ ವಂಶಪಾರಂಪರ್ಯವಾಗಿ ನಡೆಯತೊಡಗಿತು. ಗೌಡನೂ ಕುಲಕರ್ಣಿಯೂ ಊರಿನ ಎರಡು ಕಂಬಗಳಾದರು. ಅಂದಿನ ಮಹಜರುಗಳಲ್ಲಿ ಪಾಟೀಲನು ತನ್ನ ಗುರುತೆಂದು ನೇಗಿಲನ್ನೂ, ಬಡಗಿ ಮೊದಲಾದ ಆಯಗಾರರು ತಮ್ಮತಮ್ಮ ಉಪಕರಣಗಳನ್ನೂ ಬರೆಯಿಸುತ್ತಿದ್ದರು. ಎಲ್ಲರ ಗುರುತುಗಳೂ ಒಂದೇ ಹಾಳೆಯಲ್ಲಿ ಕೂಡಿರುತ್ತಿದ್ದುವು. ಆದರೆ ಆ ಹಾಳೆಯಲ್ಲಿ ಏನು ಬರೆದಿದೆಯೆಂದು ತಾನೇ ಓದಿ ಹೇಳಬಲ್ಲವನು ಸಾಮಾನ್ಯವಾಗಿ ಕುಲಕರ್ಣಿಯೊಬ್ಬನೇ.

ಪೇಶ್ವೆಯರ ಕಾಲದಲ್ಲಿ ಕಚೇರಿಯ ಲೆಕ್ಕವು ಮೋಡಿ ಅಕ್ಷರದ ಮರಾಠಿಯಲ್ಲಿ ನಡೆಯುತ್ತಿದ್ದುದರಿಂದ ಓದುಬರಹ ಬಲ್ಲ ಕನ್ನಡಿಗನಿಗೂ ತನ್ನ ಭೂಮಿಯ ಕಾಗದವು ಅನ್ಯವಾಯಿತು. ಶಾಸನವು ಗುಡಿಯ ಅಂಗಳದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ನಿಂತಿರುತ್ತಿದ್ದಿತು. ದಫ್ತರವು ಅರಿವೆಯಲ್ಲಿ ಕಟ್ಟಲ್ಪಟ್ಟು ಒಬ್ಬನ ಮನೆಯ ನಾಗೊಂದಿಗೆಯ ಮೇಲೆ ಕುಳಿತಿತು. ಲೇಖಕವೃತ್ತಿಯ ಮೊದಲನೆಯ ದೊಡ್ಡ ತಿರುವು ಇದೇ ಎಂದು ನಮ್ಮ ಅಭಿಪ್ರಾಯ. ಉಭಯರ ಕೋರಿಕೆಯಿಂದ ಬರೆಯುವವನು ಸರಕಾರದ ಹಕ್ಕಿನಿಂದ ಬರೆಯುವವನಾದನು.

ಈ ಅವಧಿಯು ನಮ್ಮ ಭಾಷೆಯ ಮೇಲೆ ಬಿಟ್ಟುಹೋದ ಗುರುತು ಸಾಹಿತ್ಯಾಧ್ಯಾಪಕರ ಲಕ್ಷ್ಯಕ್ಕೆ ಬರತಕ್ಕುದಾಗಿದೆ. ಈ ಭಾಗದ ಯಾವುದಾದರೂ ಒಂದು ಹಳೆಯ ಸಾಲದ ಪತ್ರವನ್ನು ತೆಗೆದುಕೊಂಡರೆ, ಹೊಳೆಯ ದಂಡೆಯಲ್ಲಿ ಮಣ್ಣಿನ ಪದರಗಳು ಕಾಣುವಂತೆ ಅದರಲ್ಲಿ ಆಳ್ವಿಕೆಗಳ ಪದರಗಳು ಕಾಣುವುವು. ಸಾಲ, ಒತ್ತೆ, ಅಡವು, ಗೇಣಿ ಎಂಬುವು ಅಚ್ಚಗನ್ನಡ. ಸಾಕ್ಷಿ, ಕ್ರಯ, ಪತ್ರ ಎಂಬುವು ಸಂಸ್ಕೃತ. ಅರ್ಜಿ, ಫಿರ್ಯಾದಿ, ತಕರಾರು, ವಾರಸು, ಜಪ್ತಿ ಎಂಬುವು ಪಾರಸಿಯ ಕಚೇರಿಯ ಮೂಲಕ ಬಂದುವು. ಸ್ಟಾಂಪು, ನೋಟೀಸು, ಡಿಕ್ರಿ ಎಂಬುವು ಇಂಗ್ಲಿಷು. ಒಕ್ಕಲಿಗನ ಬದುಕಿಗೆ ಸೇರಿದ ಮಾತುಗಳು ಹೆಚ್ಚಾಗಿ ಮೊದಲನೆಯ ಪದರದಲ್ಲಿಯೂ, ಅವನನ್ನು ಕಟ್ಟಿಹಾಕುವ ಮಾತುಗಳು ಹೆಚ್ಚಾಗಿ ಮೇಲಿನ ಪದರಗಳಲ್ಲಿಯೂ ಇರುವುದನ್ನು ನೋಡಬಹುದು. ಈ ಪದರಗಳ ನಡುವೆ ಹತ್ತಿ ಇಳಿಯಬಲ್ಲವನೇ ವ್ಯವಹಾರಲೇಖಕನು. ಅವನ ವಿದ್ಯೆಯೆಂದರೆ ಒಂದರ್ಥದಲ್ಲಿ ಇಷ್ಟೇ.

೪

೧೮೧೮ರಲ್ಲಿ ಧಾರವಾಡ ಸೀಮೆಯು ಇಂಗ್ಲಿಷರ ವಶವಾಯಿತು. ಸವಣೂರು ಮಾತ್ರ, ಸುಮಾರು ೭೦ ಚದರ ಮೈಲಿಯ ಸಂಸ್ಥಾನವಾಗಿ, ಧಾರವಾಡದ ಕಲೆಕ್ಟರರ ಮೇಲ್ವಿಚಾರಣೆಗೆ ಒಳಪಟ್ಟು ೧೯೪೮ರ ವರೆಗೆ ಉಳಿದುಕೊಂಡಿತು. ಹಾನಗಲ್ಲು ತಾಲ್ಲೂಕು ಅದೇ ಹೆಸರಿನಿಂದ ನಡೆಯಿತು. ಶಿಗ್ಗಾಂವಿಯು ಬಂಕಾಪುರ ತಾಲ್ಲೂಕಿಗೂ, ಹಿರೇಕೆರೂರು ಕೋಡ ತಾಲ್ಲೂಕಿಗೂ ಮುಖ್ಯಸ್ಥಳಗಳಾದುವು. ಈ ಊರುಗಳಿಗೆ ಮಾಮಲೇದಾರರ ಕಚೇರಿಗಳು ಬಂದುದರಿಂದ ಲೇಖನಿಯ ಕೆಲಸವು ಹಳ್ಳಿಯ ಚಾವಡಿಯನ್ನು ಬಿಟ್ಟು ತಾಲ್ಲೂಕಿನ ಪೇಟೆಗೆ ಬಂದಿತು.

ಹೊಸ ಆಳ್ವಿಕೆಯು ಕಾಯಿದೆಯ ಮೇಲೆ ಕಾಯಿದೆಯನ್ನು ತಂದಿತು. ೧೮೨೭ರ ಮುಂಬಯಿ ರೆಗ್ಯುಲೇಶನ್ನುಗಳಿಂದ ಕೋರ್ಟುಗಳ ಕ್ರಮವು ಏರ್ಪಟ್ಟಿತು. ೧೮೬೪ರ ನೋಂದಣಿ ಕಾಯಿದೆಯ ಮೇರೆಗೆ ೧೦೦ ರೂಪಾಯಿಗೂ ಅದಕ್ಕೆ ಮೇಲ್ಪಟ್ಟೂ ಬೆಲೆಯುಳ್ಳ ಸ್ಥಿರಾಸ್ತಿಯ ಕ್ರಯಪತ್ರಗಳಿಗೆ ನೋಂದಣಿಯು ಕಡ್ಡಾಯವಾಯಿತು. ೧೮೭೦ರ ಕೋರ್ಟುಫೀ ಕಾಯಿದೆಯಿಂದ ದೂರಿನ ಕಾಗದಕ್ಕೂ ಮುದ್ರೆ ಬೇಕಾಯಿತು. ೧೮೭೬ರ ಮಾಮಲೇದಾರ ಕೋರ್ಟುಗಳ ಕಾಯಿದೆಯು ಭೂಮಿಯ ಕಬ್ಜೆಯ ತಕರಾರುಗಳನ್ನು ತಾಲ್ಲೂಕಿನ ಕಚೇರಿಗೆ ತಂದಿತು. ೧೯೦೩ರ ಹಕ್ಕುದಾಖಲೆಯ ಕಾಯಿದೆಯ ನಂತರ ತಂದೆ ಸತ್ತರೂ, ಅಣ್ಣತಮ್ಮಂದಿರು ಪಾಲಾದರೂ ವರ್ದಿಯನ್ನು ಕೊಡಬೇಕಾಯಿತು. ಹೀಗೆ ಒಕ್ಕಲಿಗನ ಮನೆಯ ಹುಟ್ಟುಸಾವು, ಮದುವೆ, ಸಾಲ, ಜಗಳ ಎಲ್ಲವೂ ಕಾಗದವಾಗಿ ಪರಿಣಮಿಸಿದುವು. ಓದುಬರಹವು ಮಾತ್ರ ಆ ವೇಗದಲ್ಲಿ ಹಬ್ಬಲಿಲ್ಲ. ಈ ಅಂತರವೇ ಅರ್ಜಿಬರಹಗಾರನಿಗೆ ಜನ್ಮಭೂಮಿ.

ಅಂತರವನ್ನು ತುಂಬಲು ಜನರು ಎಲ್ಲಿಂದ ಬಂದರು? ಇದಕ್ಕೆ ಉತ್ತರವು ೧೮೭೪ರ ವತನು ಕಾಯಿದೆಯಲ್ಲಿ ಸಿಕ್ಕುವುದು. ಆ ಕಾಯಿದೆಯ ಮೇರೆಗೆ ವತನದ ಕೆಲಸವನ್ನು ಮಾಡತಕ್ಕವನು ಪಟ್ಟಿಯಲ್ಲಿ ದಾಖಲಾದ ಪ್ರಾತಿನಿಧಿಕ ವತನದಾರನು. ವತನವು ಒಂದು, ಭಾಗಸ್ಥರು ಹಲವರು; ಉಳಿದ ಮಕ್ಕಳಿಗೆ ಕುಲಕರ್ಣಿಯೆಂಬ ಅಡ್ಡಹೆಸರು ಉಳಿಯಿತೇ ಹೊರತು ಕೆಲಸವುಳಿಯಲಿಲ್ಲ. ಸೇವೆಯನ್ನು ಹಣಕ್ಕೆ ಪರಿವರ್ತಿಸಿಕೊಳ್ಳಲು ಅದೇ ಕಾಯಿದೆಯು ಅವಕಾಶವನ್ನಿತ್ತುದರಿಂದ ಹಲವು ಊರುಗಳಲ್ಲಿ ಕುಲಕರ್ಣಿಯ ಸ್ಥಾನಕ್ಕೆ ಸಂಬಳದ ತಲಾಟಿಯು ಬಂದನು. ಮನೆಯ ವಿದ್ಯೆಯಿಂದ ಅಕ್ಷರ, ಲೆಕ್ಕ, ಕಾಗದದ ಭಾಷೆ ಬಲ್ಲ ಯುವಕರು ಇದರಿಂದ ಹೊರಗೆ ಬಿದ್ದರು. ಇವರ ಮುಂದಿದ್ದ ದಾರಿಗಳು ಕೆಲವೇ: ಮುಲ್ಕಿ ಪರೀಕ್ಷೆಯನ್ನು ಮುಗಿಸಿ ಕನ್ನಡ ಶಾಲೆಯ ಮಾಸ್ತರಿಕೆ, ಕಚೇರಿಯಲ್ಲಿ ಉಮೇದವಾರಿ ಮಾಡಿ ಕಾರಕೂನಿಕೆ, ಸಾಹುಕಾರನ ಅಂಗಡಿಯ ಗುಮಾಸ್ತಿಕೆ, ವಕೀಲರ ಮನೆಯ ಕಾರಕೂನಿಕೆ, ಸ್ಟಾಂಪು ಮಾರಾಟ. ಒಂದರಲ್ಲಿ ನೆಲೆ ನಿಲ್ಲದೆ ಇನ್ನೊಂದಕ್ಕೆ ಹೋಗುವುದೂ, ಬದಲಿಯಾದ ಊರು ಸೇರದೆ ಕೆಲಸವನ್ನು ಬಿಡುವುದೂ, ವಯಸ್ಸಾದ ಮೇಲೆ ಕಚೇರಿಯ ಅಂಗಳದಲ್ಲಿ ಇಳಿಜಾರು ಮೇಜನ್ನು ಹಾಕಿಕೊಂಡು ಕೂಡುವುದೂ ಅಸಹಜವಾದುವಲ್ಲ. ಯಾವ ದಾರಿಯಲ್ಲಿ ಹೋದರೂ ಅಲ್ಲಿ ಕಲಿತುದು ಇಲ್ಲಿ ಉಪಯೋಗಕ್ಕೆ ಬರುತ್ತಿದ್ದಿತು. ಮಾಸ್ತರಿಕೆಯಿಂದ ಹಳ್ಳಿಗರ ಮಾತನ್ನು ತಾಳ್ಮೆಯಿಂದ ಕೇಳುವ ಅಭ್ಯಾಸ, ಕಾರಕೂನಿಕೆಯಿಂದ ಯಾವ ಕಾಗದವು ಯಾವ ಮೇಜಿಗೆ ಹೋಗುವುದೆಂಬ ತಿಳಿವಳಿಕೆ, ವಕೀಲರ ಮನೆಯಿಂದ ಮುದ್ದತ್ತಿನ ಎಚ್ಚರ, ಇವೆಲ್ಲವೂ ಕೂಡಿದ ಕಡೆಯಲ್ಲಿ ಒಳ್ಳೆಯ ಅರ್ಜಿಬರಹಗಾರನು ಸಿದ್ಧನಾಗುತ್ತಿದ್ದನು. ಈ ವೃತ್ತಿಗೆ ಶಾಲೆಯಿರಲಿಲ್ಲ. ಅಂಕುಡೊಂಕಾದ ಜೀವನವೇ ಅದರ ಶಾಲೆ.

ಇದೇ ದಾರಿಯಿಂದ ಬೇರೆ ಕಡೆಗೆ ಹೊರಳಿದ ಲೇಖನಿಗಳೂ ಉಂಟು. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯-೧೯೪೨) ಇದೇ ಜಿಲ್ಲೆಯವರು. ಮಾಸ್ತರಿಕೆಯಿಂದ ಕಾದಂಬರಿಗೆ ಬಂದರು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫಸಾಹೇಬರು (೧೮೧೯-೧೮೮೯) ಕೆಲಕಾಲ ಶಾಲೆಯ ಮಾಸ್ತರರಾಗಿದ್ದು ಅದನ್ನು ಬಿಟ್ಟು ತತ್ತ್ವಪದದ ದಾರಿಯನ್ನು ಹಿಡಿದರು. ಅಕ್ಷರವು ಒಂದು ಮನೆತನದ ವತನವಾಗಿ ಉಳಿಯದೆ ಶಾಲೆಯ ಮೂಲಕ ಹೊರಗೆ ಹರಿಯತೊಡಗಿದುದಕ್ಕೆ ಇಂಥ ಜೀವನಗಳು ಸಾಕ್ಷಿ. ಕಾದಂಬರಿಕಾರನೂ ಪದಕಾರನೂ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಸ್ಥಾನವನ್ನು ಪಡೆದಿರುವರು. ಕಚೇರಿಯ ಅಂಗಳದಲ್ಲಿ ಕುಳಿತವನು ಪಡೆದಿಲ್ಲ.

೫

ಹಾಗೆಂದು ಈತನನ್ನು ಸಂತನನ್ನಾಗಿ ಚಿತ್ರಿಸುವುದು ಸತ್ಯಕ್ಕೆ ದೂರ. ೧೮೭೫ರಲ್ಲಿ ಪುಣೆ ಅಹಮದನಗರದ ಕಡೆಯ ರೈತರು ದಂಗೆಯೆದ್ದಾಗ ಅವರು ಮುಖ್ಯವಾಗಿ ಹುಡುಕಿ ಸುಟ್ಟುದು ಸಾಹುಕಾರರ ಹತ್ತಿರವಿದ್ದ ಸಾಲದ ಪತ್ರಗಳನ್ನು. ತಾವು ಹೆಬ್ಬೆಟ್ಟನ್ನೊತ್ತಿದ ಕಾಗದದಲ್ಲಿ ಇರುವುದು ತಮ್ಮ ಮಾತಲ್ಲವೆಂಬ ಸಂಶಯವು ಆ ಬೆಂಕಿಯಲ್ಲಿದ್ದಿತು. ೧೮೭೯ರ ದಖ್ಖನ್ ರೈತರ ಪರಿಹಾರದ ಕಾಯಿದೆಯು, ರೈತನ ಪತ್ರಗಳನ್ನು ಗ್ರಾಮದ ರಜಿಸ್ಟ್ರಾರನ ಎದುರಿಗೆ ಬರೆಯಿಸತಕ್ಕದ್ದೆಂದು ಆ ಭಾಗದ ಜಿಲ್ಲೆಗಳಲ್ಲಿ ವಿಧಿಸಿತು. ಸಾಕ್ಷಿಗಳ ಸಮಕ್ಷಮದಲ್ಲಿ ನಿರಕ್ಷರಿಯ ಒಪ್ಪಿಗೆಯನ್ನು ಬರೆಯಿಸಬೇಕೆಂಬ ಧರ್ಮಶಾಸ್ತ್ರದ ವಿಧಿಯನ್ನು ಹೊಸ ಸರಕಾರವು ಬೇರೊಂದು ಮಾರ್ಗದಿಂದ ಮತ್ತೆ ಕಂಡುಕೊಂಡಿತೆಂದು ಹೇಳಬಹುದು.

ನಮ್ಮ ದಸ್ತಾವೇಜುಗಳ ಕೊನೆಯಲ್ಲಿ ಎರಡು ಅಂಶಗಳು ರೂಢಿಯಿಂದ ಬರುತ್ತವೆ. ಓದಿಸಿ ಕೇಳಿ ತಿಳಿದು ಒಪ್ಪಿ ಬರೆಯಿಸಿಕೊಟ್ಟದ್ದು ಎಂಬ ಒಕ್ಕಣೆಯೊಂದು. ಬಿಕ್ಕಲಂ ಎಂದು ಲೇಖಕನು ಹಾಕುವ ರುಜುವೊಂದು. ಬಿಕ್ಕಲಂ ಎಂಬುದು ಲೇಖನಿಯಿಂದ ಎಂಬರ್ಥದ ಪಾರಸಿ ಮಾತಿನ ತದ್ಭವ. ಶಬ್ದವು ಪಾರಸಿಯಾದರೂ ಅದರ ಸ್ಥಾನವೂ ಭಾವವೂ ಶಾಸನಾಂತ್ಯದ ಸೇನಬೋವನ ಹೆಸರಿಗೆ ಸಮವಾದುವು. ಮಿತಾಕ್ಷರೆಯು ವ್ಯಾಖ್ಯಾನಿಸಿದ ನಿಯಮವು ಲಿಪಿ ಬದಲಾದರೂ ರಾಜ್ಯ ಬದಲಾದರೂ ಪತ್ರದ ಬುಡದಲ್ಲಿ ಉಳಿದುಬಂದಿದೆಯೆಂಬುದು ಸಂತೋಷದ ಸಂಗತಿ. ಆದರೆ ಓದಿಸಿ ಕೇಳಿದೆನೆಂಬ ಒಕ್ಕಣೆಯು ಸತ್ಯವೋ ಬರಿಯ ರೂಢಿಯೋ ಎಂಬುದು ಆ ಬಿಕ್ಕಲಮಿನವನ ಮನಸ್ಸಾಕ್ಷಿಯನ್ನೇ ಅವಲಂಬಿಸಿದ್ದಿತು. ಇದಲ್ಲದೆ ದಸ್ತಾವೇಜಿನಲ್ಲಿರುವ ಈ ಹೊಣೆಯು ಅರ್ಜಿಗೆ ಸಾಮಾನ್ಯವಾಗಿ ಬರಲಿಲ್ಲ. ಅರ್ಜಿಯ ಕೆಳಗೆ ಹೆಬ್ಬೆಟ್ಟು ಅರ್ಜಿದಾರನದು, ಮಾತುಗಳು ಬರಹಗಾರನವು, ತಪ್ಪಾದರೆ ಫಲವನ್ನುಣ್ಣುವವನು ಅರ್ಜಿದಾರನೊಬ್ಬನೇ.

೬

೧೯೫೦ರ ಮುಂಬಯಿ ಕಾಯಿದೆಯಿಂದ ಪರಗಣೆಯ ವತನಗಳೂ ಕುಲಕರ್ಣಿಯ ವತನಗಳೂ ೧೯೫೧ರ ಮೇ ೧ರಿಂದ ರದ್ದಾದುವು. ೧೯೫೬ರಲ್ಲಿ ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು, ಶಾನಭೋಗನೂ ಕುಲಕರ್ಣಿಯೂ ಏಕಕಾಲದಲ್ಲಿ ಚರಿತ್ರೆಗೆ ಸೇರಿದರು. ಸಂಬಳದ ಗ್ರಾಮಲೆಕ್ಕಿಗನು ದಫ್ತರಕ್ಕೆ ಒಡೆಯನಾದನು. ಬರಹವು ಯಾರೊಬ್ಬರ ಆಸ್ತಿಯೂ ಅಲ್ಲವೆಂಬುದು ಕಾಯಿದೆಯ ಮಾತಾಯಿತು. ಹಕ್ಕನ್ನು ಕಳೆದುಕೊಂಡ ಲೇಖಕನಿಗೆ ಉಳಿದುದು ವಿದ್ಯೆ ಮಾತ್ರ. ಕೇಳಿದವರಿಗೆ ಕೂಲಿಗಾಗಿ ಬರೆದುಕೊಡುವುದೊಂದೇ ಅದರ ಉಪಯೋಗ. ಕುಲಕರ್ಣಿಯ ಪತನವೆಂದು ಇದನ್ನು ಶೋಕಿಸುವವರಿದ್ದಾರೆ. ನಮಗಾದರೋ ಇದು ವೃತ್ತಿಯು ತನ್ನ ಮೂಲಧರ್ಮಕ್ಕೆ ಮರಳಿದಂತೆ ತೋರುವುದು. ಸರಕಾರದ ಹಕ್ಕಿನಿಂದ ಬರೆಯುತ್ತಿದ್ದವನು ಬೇಡಿಕೊಂಡವನ ಕೋರಿಕೆಯಿಂದ ಬರೆಯುವವನಾದನು.

ಈ ಮರಳುವಿಕೆಯ ಬೆಲೆಯು ೧೯೭೪ರಲ್ಲಿ ತಿಳಿದುಬಂದಿತು. ಆ ವರ್ಷದ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿದಾರನು ತಾನು ಉಳುವ ಭೂಮಿಯ ಒಡೆತನಕ್ಕಾಗಿ ಭೂನ್ಯಾಯಮಂಡಲಿಗೆ ೭ನೆಯ ನಮೂನೆಯ ಅರ್ಜಿಯನ್ನು ಕೊಡಬೇಕಾಗಿದ್ದಿತು. ಮಂಡಲಿಯ ಮುಂದೆ ವಕೀಲರು ಹಾಜರಾಗಕೂಡದೆಂದು ಆ ಕಾಯಿದೆಯ ೪೮ನೆಯ ಕಲಮಿನ ೮ನೆಯ ಉಪಕಲಮು ವಿಧಿಸಿತು. ೧೯೮೭ರಲ್ಲಿ ಸುಪ್ರೀಂ ಕೋರ್ಟು ಇದನ್ನು ಅಸಿಂಧುವೆಂದು ಹೇಳುವ ವರೆಗೂ ಇದು ಕಾಯಿದೆಯ ಪುಸ್ತಕದಲ್ಲಿದ್ದಿತು. ಬಡವನಿಗೆ ವಕೀಲರ ಫೀಯ ಹೊರೆಯನ್ನೂ ಧನಿಕನಿಗೆ ವಕೀಲರ ಬಲವನ್ನೂ ತಪ್ಪಿಸುವುದು ಇದರ ಫಲವೆಂದು ಎಣಿಸಲಾಗಿದ್ದಿರಬೇಕು. ಆದರೆ ನಮೂನೆಯನ್ನು ತುಂಬಬೇಕಲ್ಲವೇ? ಸರ್ವೇ ನಂಬರು, ಹಿಸ್ಸೆ, ಎಕರೆ ಗುಂಟೆ, ಧನಿಯ ಹೆಸರು ಇವುಗಳಲ್ಲಿ ಒಂದು ತಪ್ಪಿದರೆ ತಲೆಮಾರುಗಳ ಬೆವರು ವ್ಯರ್ಥವಾಗುವ ಸಂಭವವಿದ್ದಿತು. ಉಳುವವನ ಮುಖ್ಯವಾದ ಆಧಾರವೆಂದರೆ ಪಹಣಿಯಲ್ಲಿ ಸಾಗುವಳಿದಾರನೆಂದು ಬರೆದ ಒಂದು ಸಾಲು. ವಕೀಲನಿಲ್ಲದ ಆ ಅಂಗಳದಲ್ಲಿ ಗೇಣಿದಾರನಿಗೂ ಭೂಮಿಗೂ ನಡುವೆ ಇದ್ದುದು ಮತ್ತೆ ಲೇಖನಿಯೊಂದೇ. ನಾಲ್ಕು ವೀಸ ಹಾಳೆಯ ಮೇಲೆ ಯಾರೋ ಒಬ್ಬನು ಸರಿಯಾಗಿ ಬರೆದುದರಿಂದ ಒಡೆಯರಾದ ಕುಟುಂಬಗಳೂ, ತಪ್ಪಾಗಿ ಬರೆದುದರಿಂದ ವರ್ಷಗಟ್ಟಲೆ ಕಚೇರಿಗೆ ಅಲೆದ ಕುಟುಂಬಗಳೂ ಕರ್ನಾಟಕದಲ್ಲಿ ಉಂಟು. ಆ ಬರೆದವನ ಹೆಸರು ಮಾತ್ರ ಯಾವ ತೀರ್ಪಿನಲ್ಲಿಯೂ ಬರತಕ್ಕುದಲ್ಲ.

೭

೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು ೧೯೯೫ರ ನವೆಂಬರ್ ೯ರಿಂದ ಜಾರಿಗೆ ಬಂದಿತು. ಅದರ ಕೆಳಗೆ ರಾಷ್ಟ್ರೀಯ ಪ್ರಾಧಿಕಾರವು ೨೦೦೯ರಲ್ಲಿ ಅರೆಕಾನೂನು ಸ್ವಯಂಸೇವಕರ ಯೋಜನೆಯನ್ನು ರೂಪಿಸಿತು. ಅಧ್ಯಾಪಕರು, ನಿವೃತ್ತ ನೌಕರರು, ಅಂಗನವಾಡಿಯ ಕಾರ್ಯಕರ್ತೆಯರು, ಸ್ತ್ರೀಸಂಘಗಳ ಸದಸ್ಯೆಯರು ಮುಂತಾದವರನ್ನು ಆರಿಸಿ, ಕಾನೂನಿನ ಮೂಲಪಾಠಗಳನ್ನು ಹೇಳಿಕೊಟ್ಟು, ಜನರಿಗೂ ಕಾನೂನು ಸೇವ���ಯ ಸಂಸ್ಥೆಗಳಿಗೂ ನಡುವೆ ಸೇತುವೆಯಾಗಿ ನಿಲ್ಲಿಸುವುದು ಅದರ ಉದ್ದೇಶ. ಇವರು ಕೋರ್ಟಿನಲ್ಲಿ ವಾದಿಸುವಂತಿಲ್ಲ. ಅರ್ಜಿಗೆ ಸಹಾಯಮಾಡಬಹುದು, ದಾರಿಯನ್ನು ತೋರಿಸಬಹುದು. ಈ ಪಟ್ಟಿಯನ್ನು ನೋಡಿದರೆ ಒಂದು ವಿಶೇಷವು ಹೊಳೆಯುವುದು. ಬೇರೆ ಕೆಲಸಗಳಲ್ಲಿ ಆಯುಷ್ಯವನ್ನು ಕಳೆದು ಇದಕ್ಕೆ ಬರತಕ್ಕವರನ್ನೇ ಯೋಜನೆಯು ಬಯಸುತ್ತದೆ. ಹಿಂದೆ ಕಾಲಗತಿಯಿಂದ ತಾನಾಗಿ ನಡೆದುದನ್ನು ಈಗ ನಿಯಮವು ಬುದ್ಧಿಪೂರ್ವಕವಾಗಿ ಮಾಡಿದೆ. ಹಿಂದೆ ಇಲ್ಲದುದು ಸ್ತ್ರೀಯರ ಕೈ. ಸೇನಬೋವನಿಂದ ಅರ್ಜಿಬರಹಗಾರನವರೆಗೆ ಪುರುಷರದೇ ಆಗಿ ಬಂದ ಲೇಖನಿಯು ಈಗ ಅಂಗನವಾಡಿಯ ಕಾರ್ಯಕರ್ತೆಗೂ ದೊರೆತಿರುವುದು ಈ ವೃತ್ತಿಯ ಇತಿಹಾಸದಲ್ಲಿ ಅಲ್ಪವಾದ ಘಟನೆಯಲ್ಲ.

ಹೇಳಿದುದನ್ನು ಸಂಗ್ರಹಿಸಿದರೆ ಹೀಗಾಗುತ್ತದೆ. ಲೇಖಕನು ಉಭಯರ ಕೋರಿಕೆಯಿಂದ ಬರೆಯುವ ಮಧ್ಯಸ್ಥನಾಗಿ ಮೊದಲು ಕಾಣಿಸಿಕೊಂಡನು. ವತನದ ಬಲದಿಂದ ಸರಕಾರದವನಾದನು. ವತನವು ಹೋದ ಮೇಲೆ ಜನರವನಾದನು. ಆದರೆ ಜನರವನಾಗುವಾಗ ಹೆಸರನ್ನು ಬರೆದು ಹೊಣೆಯಾಗುವ ಹಳೆಯ ಶಿಸ್ತನ್ನು ಅರ್ಜಿಯ ಮಟ್ಟಿಗೆ ಕಳೆದುಕೊಂಡನು. ದಸ್ತಾವೇಜಿಗೆ ಬಿಕ್ಕಲಂ ಇರುವಂತೆ ಅರ್ಜಿಗೂ ಇರುವುದು ಯುಕ್ತವೆಂದೂ, ಓದಿ ಹೇಳಿದೆನೆಂದು ಬರೆದವನು ತನ್ನ ಹೆಸರಿನಿಂದ ಒಪ್ಪಿಕೊಳ್ಳುವುದು ಧರ್ಮವೆಂದೂ ಈ ಚರಿತ್ರೆಯಿಂದ ನಾವು ತಿಳಿಯಬಹುದಾಗಿದೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಶಾಸನಗಳನ್ನು ಸಂಗ್ರಹಿಸಿದಷ್ಟು ಆದರದಿಂದ ನಾವು ಹಳೆಯ ಖಾಸಗಿ ದಸ್ತಾವೇಜುಗಳನ್ನು ಸಂಗ್ರಹಿಸಿಲ್ಲ. ಸಾಲದ ಪತ್ರ, ಪಾಲುಪಟ್ಟಿ, ಗೇಣಿಚೀಟಿ, ದತ್ತಕಪತ್ರ ಮುಂತಾದುವು ಈ ಸೀಮೆಯ ಮನೆಗಳಲ್ಲಿ ಗೆದ್ದಲಿನ ಪಾಲಾಗುತ್ತಿವೆ. ಕಳೆದ ಎರಡು ಶತಮಾನಗಳ ಆಡುಗನ್ನಡವು ವ್ಯವಹಾರದ ಗದ್ಯದೊಡನೆ ಹೆಣಗಿದ ಬಗೆಯನ್ನು ಅವುಗಳಷ್ಟು ಪ್ರಾಮಾಣಿಕವಾಗಿ ಹೇಳುವ ಸಾಧನವು ಬೇರೊಂದಿಲ್ಲ. ಅಧ್ಯಾಪಕಬಂಧುಗಳು ತಮ್ಮ ವಿದ್ಯಾರ್ಥಿಗಳ ಮೂಲಕ ಇವುಗಳ ಪ್ರತಿಗಳನ್ನು ಮಾಡಿಸಿ, ಪ್ರತಿಯೊಂದರ ಕೊನೆಯಲ್ಲಿರುವ ಬಿಕ್ಕಲಮಿನ ಹೆಸರನ್ನೂ ಬಿಡದೆ ಗುರುತುಹಾಕಿಕೊಂಡರೆ, ಕನ್ನಡ ಗದ್ಯದ ಚರಿತ್ರೆಗೆ ಒಂದು ಹೊಸ ಅಧ್ಯಾಯವು ದೊರೆಯುವುದರಲ್ಲಿ ಸಂಶಯವಿಲ್ಲ.